ಆ ಪುಟ್ಟ ಇಂಟು ಮಾರ್ಕು ಎಲ್ಲಿದೆ? ಆ್ಯಡ್ ಬ್ಲಾಕರ್ ಹುಟ್ಟಿದ ಕತೆ

 

ಹೋದ ತಿಂಗಳು ಅಮ್ಮ ಫೋನಲ್ಲಿ ಮಾವಿನಕಾಯಿ ಚಿತ್ರಾನ್ನದ ರೆಸಿಪಿ ನೋಡ್ತಿದ್ರು. ಮೂರು ಸಾಲು ಓದೋಷ್ಟರಲ್ಲಿ ಸ್ಕ್ರೀನ್ ತುಂಬ ಕೆಂಪು ಎಚ್ಚರಿಕೆ: ಫೋನಿಗೆ ವೈರಸ್ ಬಂದಿದೆ! "ಏನೋ ಇದು, ಫೋನ್ ಕೆಟ್ಹೋಯ್ತಾ?" ಅಂತ ಗಾಬರಿಯಾಗಿ ಬಂದ್ರು. ವೈರಸ್ಸೂ ಇಲ್ಲ, ಏನೂ ಇಲ್ಲ. ಅದೊಂದು ಜಾಹೀರಾತು. ಮುಚ್ಚೋ ಇಂಟು ಮಾರ್ಕು ಮಾತ್ರ ಸಾಸಿವೆ ಕಾಳಿನಷ್ಟು. ಅವತ್ತೇ ಆ್ಯಡ್ ಬ್ಲಾಕರ್ ಹಾಕಿಕೊಟ್ಟೆ. ಆಮೇಲೆ ನೆನಪಾಯ್ತು, ನನ್ನ ಮನೆ ಬಾಡಿಗೆ ಹುಟ್ಟೋದೂ ಜಾಹೀರಾತಿನಿಂದಲೇ.

ಈ ಜಗಳ ಶುರುವಾಗಿದ್ದು ಎಲ್ಲಿಂದ?

1994ರ ಅಕ್ಟೋಬರ್ 27. ಅಮೆರಿಕದ ಹಾಟ್‌ವೈರ್ಡ್ ಅನ್ನೋ ತಾಣದಲ್ಲಿ ಎಟಿ ಆ್ಯಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತು ಬಂತು. ನೋಡಿದ 100 ಜನರಲ್ಲಿ 44 ಜನ ಕ್ಲಿಕ್ ಮಾಡಿದ್ರು ಅಂತ ಅದನ್ನ ಮಾಡಿದವರು ಹೇಳ್ತಾರೆ. ಆಗ ಜಾಹೀರಾತು ಕಾಟ ಆಗಿರಲಿಲ್ಲ, ಕುತೂಹಲ ಆಗಿತ್ತು.

ಕಾಟ ಶುರುವಾಗಿದ್ದು ಪಾಪ್-ಅಪ್‌ನಿಂದ. 90ರ ದಶಕದಲ್ಲಿ ಟ್ರೈಪಾಡ್ ಅನ್ನೋ ಕಂಪನಿ ಜನರಿಗೆ ಉಚಿತವಾಗಿ ವೆಬ್ ಪುಟ ಕೊಡ್ತಿತ್ತು. ಖರ್ಚು ತೂಗಿಸೋದು ಜಾಹೀರಾತು. ಒಂದು ದಿನ ಒಂದು ಕಾರ್ ಕಂಪನಿಯ ಜಾಹೀರಾತು ಯಾರೋ ಮಾಡಿದ ಅಶ್ಲೀಲ ಪುಟದಲ್ಲಿ ಕಾಣಿಸಿಕೊಂಡು ಕಂಪನಿಯವರು ಕೆಂಡವಾದರು. ಅಲ್ಲಿದ್ದ ಈಥನ್ ಝುಕರ್‌ಮನ್ ಉಪಾಯ ಹುಡುಕಿದರು: ಜಾಹೀರಾತನ್ನ ಪುಟದೊಳಗೆ ಇಡೋದೇ ಬೇಡ, ಬೇರೆ ಕಿಟಕಿಯಲ್ಲಿ ತೆರೆಯೋಣ. ಮುಂದೆ ಆ ಕಿಟಕಿ ಇಡೀ ಲೋಕದ ತಲೆನೋವಾಯ್ತು. 2014ರಲ್ಲಿ ಅವರೇ ಲೇಖನ ಬರೆದು ಕ್ಷಮೆ ಕೇಳಿದರು.

ಜನರೂ ಸುಮ್ಮನಿರಲಿಲ್ಲ. 2002ರಲ್ಲಿ ಡೆನ್ಮಾರ್ಕ್‌ನ ವಿದ್ಯಾರ್ಥಿ ಹೆನ್ರಿಕ್ ಸೋರೆನ್ಸನ್, ಪರೀಕ್ಷೆಗೆ ಓದೋದು ಬಿಟ್ಟು ಆ್ಯಡ್‌ಬ್ಲಾಕ್ ಬರೆದ. 2006ರಲ್ಲಿ ವ್ಲಾದಿಮಿರ್ ಪಲಾಂಟ್ ಅವರ ಆ್ಯಡ್‌ಬ್ಲಾಕ್ ಪ್ಲಸ್ ಬಂತು. 2011ರಲ್ಲಿ ಅದೇ ಆ್ಯಡ್‌ಬ್ಲಾಕ್ ಪ್ಲಸ್, ಸಭ್ಯ ಜಾಹೀರಾತುಗಳನ್ನ ಬಿಡ್ತೀವಿ ಅಂತು. ಆ ಪಟ್ಟಿಯಲ್ಲಿರೋಕೆ ಗೂಗಲ್‌ನಂಥ ದೊಡ್ಡವರು ದುಡ್ಡು ಕೊಡಬೇಕು. ಗೋಡೆ ಕಟ್ಟಿದವರೇ ಟೋಲ್ ಗೇಟ್ ಇಟ್ಟ ಹಾಗೆ!

ನನಗೆ ಹತ್ತಿರ ಅನಿಸೋದು ಮಾರ್ಕೋ ಆರ್ಮೆಂಟ್ ಕತೆ. ಅವರೂ ಪಾಡ್‌ಕಾಸ್ಟರ್. 2015ರ ಸೆಪ್ಟೆಂಬರ್‌ನಲ್ಲಿ ಐಫೋನಿಗೆ 'ಪೀಸ್' ಅನ್ನೋ ಬ್ಲಾಕರ್ ಮಾಡಿದರು. ಅಮೆರಿಕದಲ್ಲಿ ದುಡ್ಡು ಕೊಟ್ಟು ಕೊಳ್ಳೋ ಆ್ಯಪ್‌ಗಳಲ್ಲಿ ಮೊದಲ ಸ್ಥಾನಕ್ಕೆ ಹೋಯ್ತು. ಎರಡೇ ದಿನಕ್ಕೆ ಅವರೇ ವಾಪಸ್ ತೆಗೆದರು. ತಪ್ಪು ಮಾಡದ ಸಣ್ಣಪುಟ್ಟವರಿಗೂ ಪೆಟ್ಟು ಬೀಳುತ್ತೆ ಅನ್ನೋದು ಅವರ ಸಂಕಟ.

ನಾನು ಓದಿದ್ದು ಕಾಮರ್ಸ್. ಅಲ್ಲಿ ಮೊದಲು ಕೇಳೋ ಪ್ರಶ್ನೆ, ಖರ್ಚು ಯಾರ ಖಾತೆಗೆ? ಜಾಹೀರಾತು ಎಳೆಯೋ ಡೇಟಾ, ಬ್ಯಾಟರಿ, ಅಮ್ಮನ ಗಾಬರಿ ಇದ್ಯಾವುದೂ ಕಂಪನಿಯ ಲೆಕ್ಕಪುಸ್ತಕದಲ್ಲಿ ಬರಲ್ಲ. ನಮ್ಮ ಖಾತೆಗೇ ಬೀಳುತ್ತೆ. ಅದಕ್ಕೇ ಅಮ್ಮನ ಬ್ಲಾಕರ್ ಅಲ್ಲೇ ಇರುತ್ತೆ. ನಂಬಿಕೆ ಇರೋ ತಾಣಗಳಿಗೆ ಮಾತ್ರ ಅದನ್ನ ಆಫ್ ಮಾಡಿಟ್ಟಿದೀನಿ. ನೀವೂ ಹಾಗೆ ಮಾಡಬಹುದು.

"ಹಾಗಾದ್ರೆ ನಿನ್ನ ಜಾಹೀರಾತೂ ಬರಲ್ವಾ?" ಅಂದ್ರು ಅಮ್ಮ. ನಾನೇ ಓದೋದಲ್ವಾ ಅಮ್ಮ, ಅದು ಬಂದೇ ಬರುತ್ತೆ ಅಂದೆ.

"ಸರಿ, ಬೇಗ ಓದಿ ಮುಗಿಸು."

ಮುಂದಿನ ವಾರ ಸಿಗೋಣ.