ಪಾಠದ ಮೇಜಿನ ಮೇಲೆ ಹುಟ್ಟಿದ ಕಾಂತ

ಧಾರವಾಡದ ಪೂರ್ವಕ್ಕೆ ಎರೆಭೂಮಿಯ ನಡುವೆ ಹೆಬ್ಬಳ್ಳಿ ಎಂಬ ಊರಿದೆ. ಹಿರಿದಾದ ಹಳ್ಳಿಯೇ ಹೆಬ್ಬಳ್ಳಿ. ಈಚೆಗೆ ಫೆಬ್ರುವರಿ 28ರಂದು, ರಾಷ್ಟ್ರೀಯ ವಿಜ್ಞಾನ ದಿನದ ನಿಮಿತ್ತ, ಅಲ್ಲಿಯ ಶಾಲೆಯೊಂದಕ್ಕೆ ನನ್ನನ್ನು ಕರೆದಿದ್ದರು. ಕನ್ನಡ ಕಲಿಸಿ ನಿವೃತ್ತನಾದವನಿಗೆ ವಿಜ್ಞಾನದ ದಿನ ಏನು ಕೆಲಸ ಎಂದು ನೀವು ಕೇಳಬಹುದು. ವಿಜ್ಞಾನದ ಕನ್ನಡ ಪದಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂಬುದು ಶಿಕ್ಷಕರ ಅಪೇಕ್ಷೆಯಾಗಿತ್ತು. ನಾನು ‘ವಿದ್ಯುತ್ಕಾಂತ’ ಎಂಬ ಪದವನ್ನು ಆರಿಸಿಕೊಂಡೆ. ಆ ವಸ್ತುವನ್ನೇ ಮಕ್ಕಳೆದುರು ಮಾಡಿ ತೋರಿಸುವೆನೆಂಬ ಹುಮ್ಮಸ್ಸೂ ಹುಟ್ಟಿತು.

ಆ ಹುಮ್ಮಸ್ಸಿಗೆ ಒಂದು ಹಳೆಯ ಕಾರಣವಿತ್ತು. ಹುಡುಗನಾಗಿದ್ದಾಗ ಪರೀಕ್ಷೆಯಲ್ಲಿ ವಿದ್ಯುತ್ಕಾಂತವನ್ನು ವರ್ಣಿಸಿ ಪೂರ್ಣ ಅಂಕ ಪಡೆದಿದ್ದೆ. ಚಿತ್ರವನ್ನೂ ಅಂದವಾಗಿ ಬರೆದಿದ್ದೆ. ಆದರೆ ಆ ವಸ್ತುವನ್ನು ಕಣ್ಣಿನಿಂದ ಕಂಡಿರಲಿಲ್ಲ. ಕಾಣದೆ ಬರೆದುದಕ್ಕೆ ದೊರೆತ ಆ ಅಂಕಗಳು ಸಾಲವಾಗಿ ಉಳಿದುಕೊಂಡಿದ್ದವು.

ಮೇಜಿನ ಮೇಲೆ ಒಂದು ದಪ್ಪ ಮೊಳೆ, ತಾಮ್ರದ ತೆಳುತಂತಿ, ಒಂದೂವರೆ ವೋಲ್ಟಿನ ಸೆಲ್ಲು, ಒಂದು ಹಿಡಿ ಗುಂಡುಸೂಜಿ ಇಟ್ಟುಕೊಂಡೆ. ಈ ಸೂಜಿಗೆ ನಮ್ಮ ಕಡೆಯವರು ಟಾಚಣಿ ಎನ್ನುತ್ತಾರೆ. ಮೊಳೆಗೆ ನೂರು ಸುತ್ತು ತಂತಿ ಸುತ್ತಿದೆ. ಎರಡು ತುದಿಗಳನ್ನು ಸೆಲ್ಲಿಗೆ ಮುಟ್ಟಿಸಿದೆ. ಒಂದು ಟಾಚಣಿಯೂ ಅಲುಗಲಿಲ್ಲ. ಸೆಲ್ಲು ಬದಲಿಸಿದೆ, ಆಗಲೂ ಇಲ್ಲ. ಮಕ್ಕಳು ಮರ್ಯಾದೆಯಿಂದ ಸುಮ್ಮನಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ತಂತಿ ತುದಿ ಕೆರೀಬೇಕ್ರಿ ಸರ್ರ. ಮ್ಯಾಲೆ ವಾರ್ನಿಷ್ ಇರತೈತ್ರಿ. ನಮ್ಮಪ್ಪ ಮೋಟರ್ ಸುತ್ತಾವಾಗ ಹಂಗ ಮಾಡ್ತಾನ್ರಿ” ಎಂದಳು. ಆಕೆಯ ತಂದೆ ನೀರೆತ್ತುವ ಪಂಪುಗಳ ಮೋಟಾರಿಗೆ ತಂತಿ ಸುತ್ತುವ ಕಸುಬಿನವರು. ಆಕೆ ತಂತಿಯ ತುದಿಗಳನ್ನು ಹೊಸ್ತಿಲ ಕಲ್ಲಿಗೆ ಉಜ್ಜಿದಳು. ಕಂದು ಲೇಪ ಹೋಗಿ ತಾಮ್ರ ಹೊಳೆಯಿತು. ಈ ಸಲ ಮೊಳೆ ಟಾಚಣಿಗಳನ್ನು ಗೊಂಚಲಾಗಿ ಎತ್ತಿಕೊಂಡಿತು. ತಂತಿಯನ್ನು ಬಿಡಿಸಿದೊಡನೆ ಅವು ಉದುರಿದವು.

ಮನೆಗೆ ಬಂದು ಈ ಉಪಕರಣದ ಚರಿತ್ರೆಯನ್ನು ಮತ್ತೆ ಓದಿದೆ. ಅದರ ಹುಟ್ಟು ಬೆಳವಣಿಗೆಗಳೆಲ್ಲ ಪಾಠ ಹೇಳುವವರ ಮೇಜಿನ ಮೇಲೆಯೇ ನಡೆದಿವೆ. 1820ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ಉಪನ್ಯಾಸದ ನಡುವೆಯೇ ಒಂದು ಸಂಗತಿಯನ್ನು ಕಂಡನು. ವಿದ್ಯುತ್ತು ಹರಿಯುವ ತಂತಿಯ ಸಮೀಪದಲ್ಲಿ ದಿಕ್ಸೂಚಿಯ ಮುಳ್ಳು ವಾಲಿತು. ಮುಂದೆ ಪರೀಕ್ಷಿಸಿ ದೃಢಪಡಿಸಿಕೊಂಡು, ಅದೇ ವರ್ಷ ಜುಲೈ 21ರಂದು ಪ್ರಕಟಿಸಿದನು.

ಎರಡನೆಯವನು ಇಂಗ್ಲೆಂಡಿನ ವಿಲಿಯಂ ಸ್ಟರ್ಜನ್. ಎಳೆತನದಲ್ಲಿ ಚಮ್ಮಾರಿಕೆ ಕಲಿತು, ಬಳಿಕ ಸೈನ್ಯ ಸೇರಿ, ಸ್ವಪ್ರಯತ್ನದಿಂದ ವಿದ್ಯೆ ಸಂಪಾದಿಸಿದವನು. 1824ರಲ್ಲಿ ಆಡಿಸ್ಕಂಬಿನ ಸೈನಿಕ ಶಾಲೆಯಲ್ಲಿ ವಿಜ್ಞಾನದ ಉಪನ್ಯಾಸಕನಾದನು. ಆ ಶಾಲೆ ಈಸ್ಟ್ ಇಂಡಿಯಾ ಕಂಪನಿಯದು. ನಮ್ಮ ನಾಡಿಗೆ ಬರುವ ಸೇನಾಧಿಕಾರಿಗಳು ಅಲ್ಲಿ ತಯಾರಾಗುತ್ತಿದ್ದರು. 1825ರಲ್ಲಿ ಅವನು ಮೆದುಕಬ್ಬಿಣದ ಸರಳನ್ನು ಕುದುರೆಲಾಳದಂತೆ ಬಾಗಿಸಿ, ವಾರ್ನಿಷು ಬಳಿದು, ಅದರ ಮೇಲೆ ಬರಿಯ ತಾಮ್ರದ ತಂತಿಯನ್ನು ಹದಿನೆಂಟು ಸುತ್ತು ಸುತ್ತಿದನು. ಏಳು ಔನ್ಸಿನ ಆ ಕಬ್ಬಿಣ ಒಂಬತ್ತು ಪೌಂಡು ಭಾರವನ್ನು ಎತ್ತಿತು. ಅಂದರೆ ಸುಮಾರು 200 ಗ್ರಾಂ ವಸ್ತು ನಾಲ್ಕು ಕಿಲೋ ಎತ್ತಿದಂತಾಯಿತು.

ಸ್ಟರ್ಜನ್ನನ ವಾರ್ನಿಷು ಕಬ್ಬಿಣದ ಮೇಲಿತ್ತು, ತಂತಿ ಬೆತ್ತಲೆಯಾಗಿತ್ತು. ಆದುದರಿಂದ ಒಂದು ಸುತ್ತು ಇನ್ನೊಂದಕ್ಕೆ ತಗುಲದಂತೆ ಬಿಡಿಬಿಡಿಯಾಗಿ ಸುತ್ತಬೇಕಾಗಿತ್ತು. ತಗುಲಿದರೆ ವಿದ್ಯುತ್ತು ಅಡ್ಡದಾರಿ ಹಿಡಿಯುವುದು. ಕಾಂತದ ಬಲವಾದರೋ ಸುತ್ತುಗಳ ಸಂಖ್ಯೆಯನ್ನೂ ಪ್ರವಾಹದ ಪ್ರಮಾಣವನ್ನೂ ಅವಲಂಬಿಸಿದೆ. ಈ ತೊಡಕನ್ನು ಬಿಡಿಸಿದವನು ಅಮೆರಿಕದ ಆಲ್ಬನಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಜೋಸೆಫ್ ಹೆನ್ರಿ. ಅವನು ತಂತಿಗೇ ರೇಷ್ಮೆ ತೊಡಿಸಿದನು. ಆಗ ಸುತ್ತುಗಳನ್ನು ಒತ್ತೊತ್ತಾಗಿ, ಪದರದ ಮೇಲೆ ಪದರವಾಗಿ ಸುತ್ತಲು ಸಾಧ್ಯವಾಯಿತು. 1831ರಲ್ಲಿ ಯೇಲ್ ಕಾಲೇಜಿಗಾಗಿ ಅವನು ಮಾಡಿದ ಕಾಂತ ಎರಡು ಸಾವಿರ ಪೌಂಡಿಗೂ ಮಿಕ್ಕ ಭಾರವನ್ನು ಎತ್ತಿತು. ಶಾಲೆಯ ಕೋಣೆಯಲ್ಲೇ ಒಂದು ಮೈಲಿಗೂ ಹೆಚ್ಚಿನ ತಂತಿ ಹರಡಿ, ಅದರ ಕೊನೆಗೆ ಗಂಟೆ ಬಾರಿಸಿಯೂ ತೋರಿಸಿದನು. ಹೆಬ್ಬಳ್ಳಿಯ ಹುಡುಗಿ ಕಲ್ಲಿಗುಜ್ಜಿ ತೆಗೆದ ವಾರ್ನಿಷು ಆ ರೇಷ್ಮೆಯ ವಂಶದ್ದೇ. ತಂತಿಯ ಮೈಗೆಲ್ಲ ಹೊದಿಕೆ ಬೇಕು, ತುದಿಗಳಿಗೆ ಮಾತ್ರ ಕೂಡದು. ಪೂರ್ಣ ಅಂಕ ಪಡೆದ ನನಗೆ ಈ ಭೇದ ತಿಳಿದಿರಲಿಲ್ಲ.

ಹೆನ್ರಿಯ ಗಂಟೆ ಮುಂದೆ ತಂತಿವಾರ್ತೆಗೆ ದಾರಿ ಮಾಡಿತು. ನಮ್ಮ ದೇಶದಲ್ಲಿಯೂ ಆ ಕಾರ್ಯಕ್ಕೆ ಕೈಹಾಕಿದವನು ಒಬ್ಬ ಅಧ್ಯಾಪಕನೇ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವಿಲಿಯಂ ಓಶಾಗ್ನೆಸಿ 1839ರಲ್ಲಿ ಪ್ರಯೋಗ ನಡೆಸಿದನು. 1851ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ತಂತಿಮಾರ್ಗ ತೆರೆಯಿತು. ನಲಿವು ನೋವುಗಳನ್ನು ನಮ್ಮ ಬಾಗಿಲಿಗೆ ತರುತ್ತಿದ್ದ ಆ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತಿತು.

ಇನ್ನು ಕನ್ನಡದ ಮಾತು. ‘ಅಯಸ್ಕಾಂತ’ವೆಂದರೆ ಕಬ್ಬಿಣಕ್ಕೆ ಪ್ರಿಯವಾದುದು, ‘ಸೂಜಿಗಲ್ಲು’ ಎಂದರೆ ಸೂಜಿಯನ್ನು ಸೆಳೆಯುವ ಕಲ್ಲು. ಎರಡನೆಯ ಪದದಲ್ಲಿ ಪ್ರಯೋಗವೇ ಅಡಗಿದೆ. ಕಂಡವರು ಕಟ್ಟಿದ ಮಾತು ಅದು. ವಿಜ್ಞಾನವನ್ನು ಕನ್ನಡದಲ್ಲಿ ಹೇಳಬೇಕೆಂದು ಬೆಂಗಳೂರಿನಲ್ಲಿ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಟಿತು. ಅದನ್ನು ನಡೆಸಿದವರಲ್ಲಿ ಒಬ್ಬರು ಬೆಳ್ಳಾವೆ ವೆಂಕಟನಾರಣಪ್ಪನವರು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದ ಅವರೇ 1931ರಲ್ಲಿ ಪಂಪಭಾರತವನ್ನು ಸಂಪಾದಿಸಿಕೊಟ್ಟರು. ಒಬ್ಬರ ಕೈಯಲ್ಲಿ ಕಾಂತವೂ ಕಾವ್ಯವೂ ಕೂಡಿಯೇ ಇದ್ದವು. ಅವರು ಸಿದ್ಧಪಡಿಸಿದ ಪಂಪನನ್ನು ನಾನು ವರ್ಷಗಟ್ಟಲೆ ಪಾಠ ಹೇಳಿದೆ. ಹೇಗೆ ಹೇಳಿದೆ? ಟಿಪ್ಪಣಿ ಬರೆಯಿಸಿದೆ, ಅದನ್ನೇ ಮರಳಿ ಬರೆದವರಿಗೆ ಅಂಕ ಕೊಟ್ಟೆ. ಪದ್ಯವನ್ನು ಗಟ್ಟಿಯಾಗಿ ಓದಿಸಿ, ತಪ್ಪಿ ತಡವರಿಸಿ ಅರ್ಥಕ್ಕೆ ತಲುಪುವ ಅವಕಾಶವನ್ನು ಎಷ್ಟು ಜನರಿಗೆ ಕೊಟ್ಟೆನೆಂದು ಈಗ ಎಣಿಸಿದರೆ ನಾಚಿಕೆಯಾಗುತ್ತದೆ. ನನಗಾದುದನ್ನೇ ನಾನೂ ಮಾಡಿದ್ದೆ.

1950ರಿಂದ ಮಾತನಾಡುತ್ತ ಬಂದಿರುವ ಈ ಧಾರವಾಡದ ಆಕಾಶವಾಣಿಯ ಧ್ವನಿ ನಿಮ್ಮನ್ನು ಮುಟ್ಟುವುದೂ, ಧ್ವನಿವರ್ಧಕದ ಕಾಂತದ ನಡುವೆ ಕಂಪಿಸುವ ಒಂದು ತಂತಿಯ ಸುರುಳಿಯಿಂದಲೇ. ಕೇಳುವವರಲ್ಲಿ ಶಿಕ್ಷಕರಿದ್ದರೆ ಒಂದು ಬಿನ್ನಹ. ಒಂದು ಮೊಳೆ, ಎರಡು ಮೊಳ ತಂತಿ, ಒಂದು ಸೆಲ್ಲು ಸಾಕು. ಸೆಲ್ಲಿಗೆ ಬಹಳ ಹೊತ್ತು ಮುಟ್ಟಿಸಿರಬೇಡಿ, ತಂತಿ ಕಾಯುತ್ತದೆ, ಸೆಲ್ಲು ಬೇಗ ಸೋಲುತ್ತದೆ. ಮೊದಲ ಸಲ ಆಗದಿದ್ದರೆ ಮಕ್ಕಳನ್ನು ಕೇಳಿ. ತರಗತಿಯಲ್ಲಿ ಯಾರದೋ ಮನೆಯ ಕಸುಬಿನಲ್ಲಿ ಉತ್ತರ ಇದ್ದೀತು. ಹೆಬ್ಬಳ್ಳಿಯಲ್ಲಿ ಆ ದಿನ ಭಾಷಣಕ್ಕೆಂದು ಹೋದ ನಾನು, ಐವತ್ತು ವರ್ಷಗಳ ಹಿಂದಿನ ಪರೀಕ್ಷೆಯಲ್ಲಿ ಈಗಷ್ಟೇ ತೇರ್ಗಡೆಯಾಗಿ ಬಂದೆ.