ಮಗುವಿನ ಆಟಕ್ಕೆ ಕಿವಿಗೊಟ್ಟವರು



ಮತ್ತಾಯನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯದಲ್ಲಿ ಪ್ರಭು ಯೇಸು ತಮ್ಮ ಕಾಲದ ಜನರನ್ನು ಪೇಟೆಬೀದಿಯಲ್ಲಿ ಕುಳಿತ ಮಕ್ಕಳಿಗೆ ಹೋಲಿಸುತ್ತಾರೆ. ಆ ಮಕ್ಕಳು ಕೊಳಲೂದಿ ಮದುವೆಮನೆಯ ಆಟ ಹೂಡುತ್ತಾರೆ. ಶೋಕಗೀತೆ ಹಾಡಿ ಸಾವಿನ ಮನೆಯ ಆಟವನ್ನೂ ಹೂಡುತ್ತಾರೆ. ಜೊತೆಯವರು ಮಾತ್ರ ಕುಣಿಯುವುದೂ ಇಲ್ಲ, ಅಳುವುದೂ ಇಲ್ಲ. ಈ ವಾಕ್ಯದ ಮೇಲೆ ಪ್ರಬೋಧನೆ ನೀಡುವಾಗ ನಾವು ಗುರುಗಳು ಸ್ನಾನಿಕ ಯೊವಾನ್ನರ ಕಡೆಗೂ ಜನರ ಹಟಮಾರಿತನದ ಕಡೆಗೂ ಬೇಗನೆ ಹೊರಟುಬಿಡುತ್ತೇವೆ. ಈ ಮಾತನ್ನು ಹೇಳಿದ ಪ್ರಭು ಮಕ್ಕಳ ಆಟವನ್ನು ನಿಂತು ನೋಡಿದ್ದವರು ಎಂಬ ಸಣ್ಣ ಸತ್ಯ ನಮ್ಮ ಕಣ್ಣಿಗೆ ಬೀಳುವುದಿಲ್ಲ. ನನ್ನ ಕಣ್ಣಿಗೂ ಬಹುಕಾಲ ಬಿದ್ದಿರಲಿಲ್ಲ.

ಗುರುದೀಕ್ಷೆ ಪಡೆದು ಎರಡು ವರ್ಷವಷ್ಟೇ ಆಗಿದ್ದಾಗ ನಾನು ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸಹಾಯಕ ಗುರುವಾಗಿದ್ದೆ. ಅಲ್ಲಿ ಯುವ ತಂದೆಯೊಬ್ಬರು ಅಪಘಾತದಲ್ಲಿ ತೀರಿಕೊಂಡರು. ಮಣ್ಣಾದ ಮೂರನೆಯ ದಿನ ಪ್ರಾರ್ಥನೆಗೆಂದು ಆ ಮನೆಗೆ ಹೋದೆ. ಅಂಗಳದ ಮೂಲೆಯಲ್ಲಿ ಆ ಮನೆಯ ಐದು ವರ್ಷದ ಹುಡುಗ ಬೆಂಕಿಪೊಟ್ಟಣದೊಳಗೆ ಒಂದು ಕಡ್ಡಿಯನ್ನು ಮಲಗಿಸಿ, ಅದರ ಮೇಲೆ ದಾಸವಾಳದ ಎಸಳಿಟ್ಟು, ಗುಂಡಿ ತೋಡಿ ಹೂಳುತ್ತಿದ್ದ. ಎಲೆಯೊಂದನ್ನು ನೀರಿಗದ್ದಿ ತೀರ್ಥದಂತೆ ಚಿಮುಕಿಸುತ್ತಿದ್ದ. ಮತ್ತೆ ಅದನ್ನೇ ಹೊರತೆಗೆದು ಮತ್ತೆ ಹೂಳುತ್ತಿದ್ದ. ಅಜ್ಜಿ ಕೋಪದಿಂದ, “ನೋಡಿ ಫಾದರ್, ಅಪ್ಪನನ್ನು ಮಣ್ಣು ಮಾಡಿ ಬಂದು ಇನ್ನೂ ಮೂರು ದಿನ, ಇವನಿಗೆ ಆಟ. ನೀವಾದರೂ ಬುದ್ಧಿ ಹೇಳಿ” ಎಂದರು. ನಾನು ಬುದ್ಧಿ ಹೇಳಿದೆ. “ಇದು ಆಡುವ ಆಟವಲ್ಲ ಮಗೂ, ದೇವರ ಕಾರ್ಯವನ್ನು ಅಣಕಿಸಬಾರದು” ಎಂದು ಆ ಬೆಂಕಿಪೊಟ್ಟಣವನ್ನು ತೆಗೆದುಕೊಂಡೆ. ಹುಡುಗ ಅಳಲಿಲ್ಲ. ತಿಂಗಳ ಪೂಜೆಗೆ ಹೋದಾಗ, ಅವನು ಈಗ ಯಾರೊಂದಿಗೂ ಹೆಚ್ಚು ಮಾತನಾಡುವುದಿಲ್ಲ ಎಂದು ತಾಯಿ ಹೇಳಿದರು.

ಗುರುಮಠದಲ್ಲಿ ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ವರ್ಷಗಟ್ಟಲೆ ಓದಿದ ನಾನು, ಮಗುವೊಂದು ಆಡುವಾಗ ನಿಜವಾಗಿ ಏನು ಮಾಡುತ್ತಿರುತ್ತದೆ ಎಂಬುದನ್ನು ಓದಿದ್ದು ಬಹಳ ತಡವಾಗಿ. ವೈದ್ಯರು ‘ಪ್ಲೇ ಥೆರಪಿ’ ಎಂದು ಕರೆಯುವ ಆಟದ ಚಿಕಿತ್ಸೆಗೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಅದು ಮಕ್ಕಳು ಏನನ್ನೋ ಕಲಿತ ಚರಿತ್ರೆಯಲ್ಲ. ಮಕ್ಕಳ ಎದುರು ಸುಮ್ಮನೆ ಕುಳಿತುಕೊಳ್ಳುವುದನ್ನು ದೊಡ್ಡವರು ಕಷ್ಟಪಟ್ಟು ಕಲಿತ ಚರಿತ್ರೆ.

ಬಾಗಿಲಾಚೆ ಉಳಿದ ಹೆತ್ತವರು

ಈ ಚರಿತ್ರೆಯ ಮೊದಲ ಪುಟಗಳು ವಿಯೆನ್ನಾ ನಗರದವು. 1909ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಕುದುರೆಗಳಿಗೆ ಅಂಜಿ ಬೀದಿಗಿಳಿಯಲು ಹೆದರುತ್ತಿದ್ದ ಐದು ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಧರ್ಮವನ್ನು ಕುರಿತ ಫ್ರಾಯ್ಡರ ಅಭಿಪ್ರಾಯಗಳನ್ನು ನಾವು ಒಪ್ಪಲಾರೆವು. ಆದರೆ ಈ ವೃತ್ತಾಂತದಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಚಿಕಿತ್ಸೆಯ ಅವಧಿಯಲ್ಲಿ ಫ್ರಾಯ್ಡ್ ಮಗುವನ್ನು ಕಂಡು ಮಾತನಾಡಿಸಿದ್ದು ಒಂದೇ ಬಾರಿ. ಮಗುವಿನ ಮಾತು, ಕನಸು, ಆಟಗಳನ್ನೆಲ್ಲ ಬರೆದಿಟ್ಟು ತಂದು ಒಪ್ಪಿಸುತ್ತಿದ್ದವರು, ಫ್ರಾಯ್ಡರ ಸಲಹೆಯಂತೆ ಮಗುವಿನೊಡನೆ ನಡೆದುಕೊಂಡವರು ಆ ಮಗುವಿನ ತಂದೆಯೇ. ಅಂದರೆ ಈ ಚಿಕಿತ್ಸೆಯ ಆರಂಭದಲ್ಲಿ ಹೆತ್ತವರೊಬ್ಬರು ಇದ್ದರು.

ಅನಂತರ ಬಹುಕಾಲ ಅವರು ಬಾಗಿಲ ಹೊರಗೇ ಉಳಿದರು. ವಿಯೆನ್ನಾದ ಹರ್ಮೀನ್ ಹುಗ್-ಹೆಲ್ಮುತ್ ಮಕ್ಕಳ ಮನಸ್ಸನ್ನು ಅರಿಯಲು ಆಟವನ್ನು ಬಳಸಿದ ಮೊದಲಿಗರಲ್ಲಿ ಒಬ್ಬರು. 1920ರ ದಶಕದಲ್ಲಿ ಮೆಲಾನಿ ಕ್ಲೈನ್ ಮೊದಲು ಬರ್ಲಿನ್ನಿನಲ್ಲಿ, 1926ರಿಂದ ಲಂಡನ್ನಿನಲ್ಲಿ, ಪುಟ್ಟ ಮೇಜಿನ ಮೇಲೆ ಮರದ ಗಂಡು-ಹೆಣ್ಣು ಗೊಂಬೆಗಳು, ಬಂಡಿ, ರೈಲು, ಪ್ರಾಣಿಗಳು, ಕಾಗದ, ಕತ್ತರಿಗಳನ್ನಿಟ್ಟು ಮಕ್ಕಳನ್ನು ಆಡಲು ಬಿಟ್ಟರು. ಒಂದೊಂದು ಮಗುವಿನ ಆಟಿಕೆಗೂ ಬೀಗವಿರುವ ಪ್ರತ್ಯೇಕ ಸೆಳೆಖಾನೆ ಇರುತ್ತಿತ್ತು. ದೊಡ್ಡವರು ಮನಬಿಚ್ಚಿ ಆಡುವ ಮಾತಿಗೆ ಮಗುವಿನ ಆಟ ಸಮಾನ ಎಂಬುದು ಅವರ ನಂಬಿಕೆ. ಫ್ರಾಯ್ಡರ ಮಗಳು ಅನ್ನಾ ಫ್ರಾಯ್ಡ್ ಇದನ್ನು ಪೂರ್ತಿ ಒಪ್ಪಲಿಲ್ಲ. ಆಟದ ಪ್ರತಿಯೊಂದು ಚಲನೆಗೂ ಗುಪ್ತಾರ್ಥ ಹುಡುಕಬಾರದು, ಮೊದಲು ಮಗುವಿನ ವಿಶ್ವಾಸ ಗಳಿಸಬೇಕು, ಮಗು ಬಾಳುವ ಮನೆಯನ್ನು ಮರೆಯಬಾರದು ಎಂದರು. 1927ರಲ್ಲಿ ಇಬ್ಬರ ಭಿನ್ನಾಭಿಪ್ರಾಯ ಬಹಿರಂಗವಾಯಿತು.

ಇದೇ ಕಾಲದಲ್ಲಿ ಲಂಡನ್ನಿನ ಮಕ್ಕಳ ವೈದ್ಯೆ ಮಾರ್ಗರೆಟ್ ಲೊವೆನ್‌ಫೆಲ್ಡ್ ಇನ್ನೊಂದು ದಾರಿ ಕಂಡರು. ಮೊದಲ ಮಹಾಯುದ್ಧದ ಬಳಿಕ ಪೋಲೆಂಡಿನಲ್ಲಿ ಸೇವೆ ಸಲ್ಲಿಸಿ ನೊಂದವರನ್ನು ಹತ್ತಿರದಿಂದ ಕಂಡಿದ್ದ ಅವರು 1928ರಲ್ಲಿ ಮಕ್ಕಳಿಗಾಗಿ ಚಿಕಿತ್ಸಾಲಯ ತೆರೆದರು. ಸತುವಿನ ತಟ್ಟೆಯೊಂದರಲ್ಲಿ ಮರಳು, ಪಕ್ಕದಲ್ಲಿ ನೀರು, ಬೀರುವಿನ ತುಂಬ ಮನೆ, ಮರ, ಪ್ರಾಣಿ, ಮನುಷ್ಯರ ಪುಟ್ಟ ಬೊಂಬೆಗಳು. ಮಕ್ಕಳು ಅವನ್ನೆಲ್ಲ ಮರಳಿನಲ್ಲಿ ಜೋಡಿಸಿ ಅದಕ್ಕೆ ತಾವೇ ‘ಲೋಕ’ ಎಂದು ಹೆಸರಿಟ್ಟರು. ಮಾತಿನಲ್ಲಿ ಹಿಡಿಸದಷ್ಟನ್ನು ಮಗು ಕೈಗಳಿಂದ ಹೇಳಬಲ್ಲದು ಎಂಬುದು ಹೀಗೆ ಸ್ಪಷ್ಟವಾಯಿತು.

ಬಾಂಬು ಬೀಳುತ್ತಿದ್ದ ದಿನಗಳಲ್ಲಿ

ಹಿಟ್ಲರನ ಸೇನೆ ವಿಯೆನ್ನಾಕ್ಕೆ ನುಗ್ಗಿದ 1938ರಲ್ಲಿ ಅನ್ನಾ ಫ್ರಾಯ್ಡ್ ತಂದೆಯೊಡನೆ ಲಂಡನ್ನಿಗೆ ವಲಸೆ ಬಂದರು. ಎರಡನೆಯ ಮಹಾಯುದ್ಧದಲ್ಲಿ ಗೆಳತಿ ಡೊರೊತಿ ಬರ್ಲಿಂಗ್‌ಹ್ಯಾಮ್ ಅವರೊಡನೆ ಹ್ಯಾಂಪ್‌ಸ್ಟೆಡ್‌ನಲ್ಲಿ, ಮನೆ ಕಳೆದುಕೊಂಡ, ಹೆತ್ತವರಿಂದ ದೂರವಾದ ಮಕ್ಕಳಿಗಾಗಿ ವಸತಿ ಶಿಶುಮಂದಿರಗಳನ್ನು ನಡೆಸಿದರು. ಬಾಂಬಿನ ಸದ್ದಿಗಿಂತಲೂ ತಾಯಿಯ ಅಗಲಿಕೆ ಎಳೆಯ ಮಕ್ಕಳನ್ನು ಹೆಚ್ಚು ಘಾಸಿಗೊಳಿಸುತ್ತದೆ ಎಂದು ಅವರು 1943ರಲ್ಲಿ ಬರೆದರು.

ಅವರು ದಾಖಲಿಸಿರುವ ನಾಲ್ಕು ವರ್ಷದ ಬಾಲಕನೊಬ್ಬನ ವಿಷಯ ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕುಳಿತಿದ್ದೆ. ಅವನ ತಂದೆ ವಾಯುದಾಳಿಯಲ್ಲಿ ಮಡಿದಿದ್ದರು, ತಾಯಿ ಆಸ್ಪತ್ರೆಯಲ್ಲಿದ್ದರು. ಹುಡುಗ ಕಾಗದದ ಮನೆಗಳನ್ನು ಕಟ್ಟಿ, ಮೇಲಿಂದ ಗೋಲಿಗಳನ್ನು ಬಾಂಬುಗಳಂತೆ ಬೀಳಿಸುತ್ತಿದ್ದ. ಆದರೆ ಅವನ ಆಟದಲ್ಲಿ ಎಲ್ಲರೂ ಸಕಾಲಕ್ಕೆ ಪಾರಾಗುತ್ತಿದ್ದರು, ಬಿದ್ದ ಮನೆಗಳೆಲ್ಲ ಮತ್ತೆ ಏಳುತ್ತಿದ್ದವು. ಇತರ ಮಕ್ಕಳಿಗೆ ಅಂಥ ಆಟ ಬೇಗ ಬೇಸರವಾದರೆ, ಇವನು ನಿಲ್ಲಿಸದೆ ಮತ್ತೆ ಮತ್ತೆ ಆಡಿದ. ತಂದೆ ತೀರಿಕೊಂಡರು, ಅವರು ಇನ್ನು ಬರುವುದಿಲ್ಲ ಎಂಬ ಮಾತನ್ನು ಅವನೇ ಬಾಯಿಬಿಟ್ಟು ಹೇಳಿದ ಮೇಲಷ್ಟೇ ಆ ಆಟ ನಿಂತಿತು. ಅಲ್ಲಿಯವರೆಗೆ ಅಲ್ಲಿದ್ದ ಹಿರಿಯರು ಅವನ ಗೋಲಿಗಳನ್ನು ಕಿತ್ತುಕೊಳ್ಳಲಿಲ್ಲ. ನಾನು ಬೆಂಕಿಪೊಟ್ಟಣವನ್ನು ಕಿತ್ತುಕೊಂಡಿದ್ದೆ.

ಸುಮ್ಮನಿರುವ ವಿದ್ಯೆ

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ವರ್ಜೀನಿಯಾ ಆಕ್ಸ್‌ಲೈನ್ ಈ ವಿದ್ಯೆಗೆ ಸರಳವಾದ ರೂಪ ಕೊಟ್ಟರು. ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅವರ ಸಹೋದ್ಯೋಗಿಯಾಗಿದ್ದ ಅವರು 1947ರಲ್ಲಿ ಬರೆದ ಗ್ರಂಥದಲ್ಲಿ ಎಂಟು ಸೂತ್ರಗಳಿವೆ. ಅವುಗಳ ಸಾರ ಇಷ್ಟು: ಮಗುವನ್ನು ಅದು ಇರುವಂತೆಯೇ ಸ್ವೀಕರಿಸು, ಅದರ ಭಾವನೆಯನ್ನು ಗುರುತಿಸಿ ಅದಕ್ಕೇ ಮರಳಿ ತಿಳಿಸು, ಮಗು ಮುಂದೆ ನಡೆಯಲಿ, ನೀನು ಹಿಂದೆ ನಡೆ, ಅವಸರ ಮಾಡಬೇಡ, ಅಗತ್ಯವಿದ್ದಷ್ಟು ಮಾತ್ರ ಮಿತಿ ಹಾಕು. ನಮಗೆ ಇದು ಸುಲಭವೆನಿಸಬಹುದು. ಒಮ್ಮೆ ಹತ್ತು ನಿಮಿಷ ಪ್ರಯತ್ನಿಸಿ ನೋಡಿ; ಎಷ್ಟು ಬಾರಿ ನಮ್ಮ ನಾಲಿಗೆ “ಹಾಗಲ್ಲ, ಹೀಗೆ” ಎಂದು ತುಡಿಯುತ್ತದೆ ಎಂಬುದು ಗೊತ್ತಾಗುತ್ತದೆ.

ಲಂಡನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ ತಾಯಿ-ಮಗುವನ್ನು ಬೇರ್ಪಡಿಸಿ ನೋಡಲೇ ಇಲ್ಲ. 1941ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಒಂದು ಸರಳ ಪ್ರಯೋಗವಿದೆ. ತಾಯಿಯ ಮಡಿಲಲ್ಲಿ ಕೂಸು, ಮೇಜಿನಂಚಿನಲ್ಲಿ ನಾಲಿಗೆ ಒತ್ತಿ ಗಂಟಲು ಪರೀಕ್ಷಿಸುವ ಹೊಳೆಯುವ ಪಟ್ಟಿ. ಕೂಸು ಕೈಚಾಚುತ್ತದೆ, ಹಿಂಜರಿಯುತ್ತದೆ, ತಾಯಿಯ ಮುಖ ನೋಡುತ್ತದೆ. ಆ ಹಿಂಜರಿಕೆಯ ಹೊತ್ತಿನಲ್ಲಿ ಯಾರೂ ಪಟ್ಟಿಯನ್ನು ಎತ್ತಿ ಕೊಡಕೂಡದು. ಕಾಯುವವರಿದ್ದರೆ ಕೂಸು ತಾನಾಗಿ ಧೈರ್ಯ ತಂದುಕೊಂಡು ಅದನ್ನು ಹಿಡಿದು ಆಡತೊಡಗುತ್ತದೆ. ಪರಿಪೂರ್ಣಳಾದ ತಾಯಿ ಬೇಕಿಲ್ಲ, ಸಾಕಷ್ಟು ಒಳ್ಳೆಯ ತಾಯಿ ಸಾಕು ಎಂಬ ಅವರ ವಿಚಾರ ಎಷ್ಟೋ ತಾಯಂದಿರ ಎದೆಯ ಭಾರ ಇಳಿಸಿದೆ.

ಮತ್ತೆ ಒಳಗೆ ಬಂದ ಹೆತ್ತವರು

ಹೀಗಿದ್ದರೂ ಚಿಕಿತ್ಸೆಯ ಕೋಣೆಗಳಲ್ಲಿ ತಾಯ್ತಂದೆಯರು ಹೊರಗಿನ ಬೆಂಚಿನಲ್ಲೇ ಕುಳಿತಿರುತ್ತಿದ್ದರು. ಮಗುವಿನ ನೋವಿಗೆ ಅವರೇ ಕಾರಣರು ಎಂಬ ಭಾವನೆಯೂ ಪ್ರಬಲವಾಗಿತ್ತು. ಅಮೆರಿಕದ ಬರ್ನಾರ್ಡ್ ಗರ್ನಿ 1964ರಲ್ಲಿ ಇದಕ್ಕೆ ತಿರುಗುತ್ತರವೆನಿಸುವ ಲೇಖನ ಪ್ರಕಟಿಸಿದರು. ಅವರೂ ಪತ್ನಿ ಲೂಯಿಸ್ ಗರ್ನಿಯವರೂ ಸೇರಿ ತಾಯ್ತಂದೆಯರನ್ನು ಸಣ್ಣ ಗುಂಪುಗಳಲ್ಲಿ ಕೂರಿಸಿ ಆಟದ ಚಿಕಿತ್ಸೆಯ ಕೌಶಲಗಳನ್ನು ಅವರಿಗೇ ಕಲಿಸಿದರು. ತಜ್ಞರಿಗಿಂತ ಮಗುವಿಗೆ ಹೆಚ್ಚು ಬೇಕಾದವರು ಹೆತ್ತವರೇ. ಆದ್ದರಿಂದ ಅವರು ಕಲಿತರೆ ಅದರ ಫಲ ಮನೆಯಲ್ಲೇ ಉಳಿಯುತ್ತದೆ ಎಂಬುದು ಅವರ ತರ್ಕ.

1975ರಲ್ಲಿ ಅದೇ ದೇಶದ ಸೆಲ್ಮಾ ಫ್ರೈಬರ್ಗ್ ಸಹೋದ್ಯೋಗಿಗಳೊಡನೆ ಬರೆದ ಲೇಖನ ಇನ್ನೂ ಆಳಕ್ಕೆ ಇಳಿಯಿತು. ಅವರ ತಂಡದವರು ಮನೆಮನೆಗೆ ಹೋಗಿ, ಎಷ್ಟೋ ಸಲ ಅಡುಗೆಮನೆಯಲ್ಲೇ ಕುಳಿತು ಮಾತನಾಡುತ್ತಿದ್ದರು. ತನ್ನ ಕೂಸು ಕಿರಿಚಿ ಅಳುತ್ತಿದ್ದರೂ ಕೇಳಿಸದವಳಂತೆ ಕುಳಿತ ಒಬ್ಬ ಯುವತಾಯಿಯನ್ನು ಅವರು ಕಂಡರು. ಆಕೆಯನ್ನು ದೂರಲಿಲ್ಲ. ಬಾಲ್ಯದಲ್ಲಿ ಆಕೆಯ ಅಳುವನ್ನೇ ಯಾರೂ ಕೇಳಿರಲಿಲ್ಲ. ಆ ಹಳೆಯ ದುಃಖವನ್ನು ಕೇಳುವವರು ಸಿಕ್ಕ ಮೇಲೆ ತಾಯಿ ಕೂಸನ್ನು ಎತ್ತಿ ಎದೆಗವಚಿಕೊಂಡಳು. ಮಗುವನ್ನು ಸಲಹುವವರನ್ನೂ ಯಾರಾದರೂ ಸಲಹಬೇಕು ಎಂಬ ಈ ಪಾಠ ನಮ್ಮ ಧರ್ಮಕೇಂದ್ರಗಳಿಗೂ ಬೇಕಾದದ್ದು.

ಗರ್ನಿ ದಂಪತಿಗಳ ಕ್ರಮವನ್ನು ಗ್ಯಾರಿ ಲ್ಯಾಂಡ್ರೆತ್ ಹತ್ತು ವಾರಗಳ ತರಬೇತಿಯಾಗಿ ಅಡಕಗೊಳಿಸಿ, ಸೂ ಬ್ರಾಟನ್ ಅವರೊಡನೆ 2006ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಅದರ ವಿಧಾನ ಅಚ್ಚರಿಯಾಗುವಷ್ಟು ಸಾಧಾರಣ. ವಾರಕ್ಕೆ ಒಮ್ಮೆ, ಗೊತ್ತುಪಡಿಸಿದ ಹೊತ್ತಿನಲ್ಲಿ, ಮೂವತ್ತು ನಿಮಿಷ. ಬೇರೆಯಾಗಿ ತೆಗೆದಿಟ್ಟ ಕೆಲವು ಆಟಿಕೆಗಳು. ಆ ಅರ್ಧಗಂಟೆ ಮಗುವೇ ಯಜಮಾನ. ತಾಯಿ ಅಥವಾ ತಂದೆ ನೆಲದ ಮೇಲೆ ಕುಳಿತು ಮಗು ಮಾಡುತ್ತಿರುವುದನ್ನೂ ಅದರ ಭಾವನೆಯನ್ನೂ ಮೆಲುದನಿಯಲ್ಲಿ ಹೇಳಬೇಕು. ಪ್ರಶ್ನೆ, ಪಾಠ, ಉಪದೇಶ ಕೂಡದು. ಹಾಗೆಂದು ಎಲ್ಲಕ್ಕೂ ಅನುಮತಿಯಿಲ್ಲ. ಮಗು ಹೊಡೆಯಲು ಬಂದರೆ, “ನಿನಗೆ ನನ್ನ ಮೇಲೆ ಸಿಟ್ಟು ಬಂದಿದೆ. ಆದರೆ ಅಮ್ಮನಿಗೆ ಹೊಡೆಯುವಂತಿಲ್ಲ. ಆ ದಿಂಬಿಗೆ ಹೊಡೆಯಬಹುದು” ಎನ್ನಬೇಕು. ಭಾವನೆಗೆ ಮನ್ನಣೆ, ವರ್ತನೆಗೆ ಮಿತಿ, ಸಿಟ್ಟಿಗೆ ಇನ್ನೊಂದು ದಾರಿ, ಈ ಮೂರೂ ಆ ಮಾತಿನಲ್ಲಿವೆ.

ನಮ್ಮ ಮನೆಗಳಿಗೆ

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹಿಂಸೆಯನ್ನೋ ದೌರ್ಜನ್ಯವನ್ನೋ ಅನುಭವಿಸಿದ ಮಗುವಿಗೆ, ಊಟ, ನಿದ್ರೆ, ಮಾತು ಬಿಟ್ಟ ಮಗುವಿಗೆ ಮನೆಯವರ ಆಟವೊಂದೇ ಸಾಲದು. ತರಬೇತಿ ಪಡೆದವರ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. ಅಲ್ಲಿಗೆ ಹೋಗುವುದು ನಾಚಿಕೆಯ ಸಂಗತಿಯಲ್ಲ, ನಂಬಿಕೆಯ ಕೊರತೆಯೂ ಅಲ್ಲ. ಹಾಗೆಯೇ, ನಮ್ಮಲ್ಲಿ ಎಷ್ಟೋ ಮಕ್ಕಳನ್ನು ಸಲಹುವವರು ಅಜ್ಜ-ಅಜ್ಜಿ, ಚಿಕ್ಕಮ್ಮ-ದೊಡ್ಡಮ್ಮ, ವಸತಿನಿಲಯದ ಧರ್ಮಭಗಿನಿಯರು. ಈ ವಿದ್ಯೆ ಅವರಿಗೂ ಸೇರಿದ್ದು.

ಇಂದು ಸಾವಿನ ಮನೆಗೆ ಹೋದಾಗ ನಾನು ಪ್ರಾರ್ಥನೆ ಮುಗಿಸಿ ಮಕ್ಕಳು ಎಲ್ಲಿದ್ದಾರೆ ಎಂದು ಹುಡುಕುತ್ತೇನೆ. ಅವರು ಆಡುತ್ತಿದ್ದರೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳುತ್ತೇನೆ. ಯಾರಾದರೂ ಗದರಲು ಬಂದರೆ, “ಇರಲಿ ಬಿಡಿ ಅಮ್ಮ, ಅವನು ತನ್ನ ದುಃಖವನ್ನು ಹೇಳಿಕೊಳ್ಳುತ್ತಿದ್ದಾನೆ” ಎನ್ನುತ್ತೇನೆ. ಆ ಹುಡುಗನಿಗೆ ಈಗ ಮೂವತ್ತು ದಾಟಿರಬೇಕು. ಅವನಿಂದ ತೆಗೆದುಕೊಂಡ ಬೆಂಕಿಪೊಟ್ಟಣವನ್ನು ಹಿಂದಿರುಗಿಸಲು ನನಗೆ ಸಾಧ್ಯವಿಲ್ಲ.

ಮಾರ್ಕನ ಶುಭಸಂದೇಶದಲ್ಲಿ, ಮಕ್ಕಳನ್ನು ಯೇಸುವಿನ ಬಳಿಗೆ ಕರೆತಂದವರನ್ನು ಶಿಷ್ಯರು ಗದರಿಸುತ್ತಾರೆ. ಪ್ರಭು ಕೋಪಗೊಂಡದ್ದು ಮಕ್ಕಳ ಮೇಲಲ್ಲ, ಶಿಷ್ಯರ ಮೇಲೆ. ಆ ಶಿಷ್ಯರ ಸಾಲಿನಲ್ಲಿ ನಾನೂ ಒಮ್ಮೆ ನಿಂತಿದ್ದೆ. ಓದುಗರೇ, ನಿಮ್ಮ ಮನೆಯ ಮಗು ಈ ಸಂಜೆ ಮೂಲೆಯಲ್ಲಿ ಕುಳಿತು ಏನನ್ನೋ ಆಡುತ್ತಿದ್ದರೆ, ಕೈಯಲ್ಲಿರುವ ಕೆಲಸವನ್ನು ಬದಿಗಿಟ್ಟು ಒಮ್ಮೆ ಅದರ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳಿ. ಏನನ್ನೂ ಕೇಳಬೇಡಿ. ಅದು ಹೇಳುತ್ತದೆ.