ಉದ್ಯೋಗ ಭವನದ ಕುರ್ಚಿ ಮತ್ತು ಕರಾವಳಿಯ ಇಬ್ಬರು

ದೆಹಲಿಗೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು 'ಉದ್ಯೋಗ ಭವನ' ಎಂಬ ಹಲಗೆಯನ್ನು ಕಂಡು, ಇದು ನೌಕರಿ ಕೊಡಿಸುವ ಕಚೇರಿಯೇ ಇರಬೇಕೆಂದು ಅರ್ಜಿ ಹಿಡಿದು ಒಳಹೋಗಲು ಹೊರಟರೆಂದು ಅಲ್ಲಿಯ ಹಳೆಯ ಕನ್ನಡಿಗರು ನಗುತ್ತ ಹೇಳುವುದುಂಟು. ಹಿಂದಿಯ 'ಉದ್ಯೋಗ' ನಮ್ಮ ಉದ್ಯೋಗವಲ್ಲ, ಅದು ಕೈಗಾರಿಕೆ. ಆದರೆ ಯೋಚಿಸಿದರೆ ಆ ಹುಡುಗರ ತಪ್ಪು ದೊಡ್ಡದೇನಲ್ಲ. ಸುಮಾರು ನಾಲ್ಕು ದಶಕಗಳ ಕಾಲ ಯಾವ ಊರಿಗೆ ಕಾರ್ಖಾನೆ ಬರಬೇಕು, ಯಾರು ಏನನ್ನು ಎಷ್ಟು ತಯಾರಿಸಬೇಕು, ತಯಾರಿಸಬಾರದು ಎಂಬುದೆಲ್ಲ ಕೈಗಾರಿಕಾ ಮಂತ್ರಿಯ ಇಲಾಖೆಯ ಕಡತಗಳಲ್ಲೇ ತೀರ್ಮಾನವಾಗುತ್ತಿತ್ತು. ಊರು ಬಿಟ್ಟು ಮುಂಬಯಿಗೆ ಬಂದು ಮಿಲ್ಲು, ವರ್ಕ್‌ಶಾಪು, ಹೋಟೆಲುಗಳಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರ ಅನ್ನಕ್ಕೂ ಆ ಕಡತಗಳಿಗೂ ನಂಟಿತ್ತು. ನಮಗೆ ಅದು ಆಗ ಗೊತ್ತಿರಲಿಲ್ಲ, ಅಷ್ಟೆ.

ಸ್ವತಂತ್ರ ಭಾರತದಲ್ಲಿ ಈ ಖಾತೆಯನ್ನು ಮೊದಲು ವಹಿಸಿಕೊಂಡವರು ಡಾ. ಶ್ಯಾಮಪ್ರಸಾದ ಮುಖರ್ಜಿ. ಹಿಂದೂ ಮಹಾಸಭೆಯ ಮುಖಂಡರು ನೆಹರೂ ಅವರ ಸಂಪುಟದಲ್ಲಿ ಇದ್ದುದು ಇಂದಿನವರಿಗೆ ಆಶ್ಚರ್ಯವಾಗಬಹುದು. ಅಂದಿನ ಸಂಪುಟ ಹಾಗಿತ್ತು. ಆಗ ಅದರ ಹೆಸರು 'ಕೈಗಾರಿಕೆ ಮತ್ತು ಸರಬರಾಜು'. 1948ರ ಏಪ್ರಿಲ್ 6ರ ಕೈಗಾರಿಕಾ ನೀತಿ ಅವರ ಕಾಲದ್ದೇ. ಶಸ್ತ್ರಾಸ್ತ್ರ, ಅಣುಶಕ್ತಿ, ರೈಲ್ವೆ ಸರಕಾರದ ಸೊತ್ತು. ಕಲ್ಲಿದ್ದಲು, ಕಬ್ಬಿಣ-ಉಕ್ಕು, ವಿಮಾನ, ಹಡಗು ಮುಂತಾದವುಗಳಲ್ಲಿ ಹೊಸ ಕಾರ್ಖಾನೆಗಳನ್ನು ಸರಕಾರವೇ ಹಾಕತಕ್ಕದ್ದು. ಇರುವವುಗಳಿಗೆ ಹತ್ತು ವರ್ಷ ಅಭಯ. 1950ರ ಏಪ್ರಿಲ್‌ನಲ್ಲಿ ನೆಹರೂ-ಲಿಯಾಕತ್ ಒಪ್ಪಂದವನ್ನು ವಿರೋಧಿಸಿ ಮುಖರ್ಜಿಯವರು ರಾಜೀನಾಮೆ ಕೊಟ್ಟರು. ಅವರ ನಂತರ ಬಂದವರು ಒಡಿಶಾದ ಹರೇಕೃಷ್ಣ ಮಹತಾಬ್.

ಮಂತ್ರಿಯ ಕೈಗೆ ನಿಜವಾದ ಬಲ ಬಂದದ್ದು ಒಂದು ಕಾನೂನಿನಿಂದ. 1951ರಲ್ಲಿ ಅಂಗೀಕಾರವಾಗಿ 1952ರ ಮೇ 8ರಂದು ಜಾರಿಗೆ ಬಂದ ಕೈಗಾರಿಕೆಗಳ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆ ಅದು. ಅದರ ಪಟ್ಟಿಯಲ್ಲಿರುವ ಕೈಗಾರಿಕೆಗೆ ಹೊಸ ಕಾರ್ಖಾನೆ ಹಾಕಬೇಕಾದರೆ ಲೈಸೆನ್ಸು. ಇರುವುದನ್ನು ಗಣನೀಯವಾಗಿ ಹಿಗ್ಗಿಸಬೇಕಾದರೆ ಲೈಸೆನ್ಸು. ಅದೇ ಕಾರ್ಖಾನೆಯಲ್ಲಿ ಹೊಸದೊಂದು ವಸ್ತು ಮಾಡಬೇಕಾದರೂ ಲೈಸೆನ್ಸು. ಬಂಡವಾಳ ಎತ್ತಲು ಬೇರೆ ಅಪ್ಪಣೆ, ಯಂತ್ರ ತರಿಸಲು ಇನ್ನೊಂದು. ಬಂಡವಾಳ, ವಿದೇಶೀ ವಿನಿಮಯ ಎರಡೂ ಕಡಿಮೆಯಿದ್ದ ದೇಶದಲ್ಲಿ ಇದ್ದುದನ್ನು ಯೋಜನೆಗೆ ತಕ್ಕಂತೆ ಹಂಚಬೇಕೆಂಬುದು ಮೂಲ ಉದ್ದೇಶ. ಉದ್ದೇಶವನ್ನು ಹಳಿಯುವಂತಿಲ್ಲ.

ಸಣ್ಣವರಿಗೆ ಈ ಲೈಸೆನ್ಸು ಬೇಕಿರಲಿಲ್ಲ. ಆದರೆ ಅವರಿಗೂ ಕಾಗದದ ಕಾಟ ತಪ್ಪಿರಲಿಲ್ಲ. ನನ್ನ ಸೋದರಮಾವ ಕುರ್ಲಾದಲ್ಲಿ ನಾಲ್ಕು ಲೇತ್ ಇಟ್ಟುಕೊಂಡು ಬೋಲ್ಟು-ನಟ್ಟು ಮಾಡುತ್ತಿದ್ದರು. ಅವರಿಗೆ ಬೇಕಿದ್ದುದು ಉಕ್ಕಿನ ಕೋಟಾ. ಅರ್ಜಿ ಕೊಟ್ಟು ಹತ್ತು ತಿಂಗಳ ಮೇಲೆ ಬಂದ ಉತ್ತರದಲ್ಲಿ ಕೇಳಿದ ಅಳತೆಯ ಸರಳು ಬಿಟ್ಟು ಬೇರೆ ಅಳತೆಯದು ಮಂಜೂರಾಗಿತ್ತು. ಅದನ್ನು ತಂದು, ಬೇಕಾದವರಿಗೆ ಮಾರಿ, ತಮಗೆ ಬೇಕಾದುದನ್ನು ಒಂದಕ್ಕೆ ಒಂದೂವರೆ ಕೊಟ್ಟು ಕೊಂಡರು. "ನಾನು ಕಾರ್ಖಾನೆ ನಡೆಸುವುದಲ್ಲ ಮಾರಾಯ, ಅರ್ಜಿ ನಡೆಸುವುದು" ಎನ್ನುತ್ತಿದ್ದರು.

ನಮ್ಮ ನಾಡಿನವರಲ್ಲಿ ಮೊದಲು ಈ ಕುರ್ಚಿಯ ಬಳಿ ಬಂದವರು ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ, ಕೋಲಾರ ಜಿಲ್ಲೆಯವರು, ಮೈಸೂರಿನ ಮೊದಲ ಮುಖ್ಯಮಂತ್ರಿ. 1952ರಲ್ಲಿ ಅವರನ್ನು ನೆಹರೂ 'ಉತ್ಪಾದನೆ' ಎಂಬ ಖಾತೆಗೆ ಕರೆದುಕೊಂಡರು. ಸರಕಾರದ ಸ್ವಂತ ಕಾರ್ಖಾನೆಗಳನ್ನು ನೋಡಿಕೊಳ್ಳುವ ಇಲಾಖೆ ಅದು. ಬೆಂಗಳೂರಿನ ಎಚ್.ಎಂ.ಟಿ. ಹುಟ್ಟಿದ್ದು 1953ರಲ್ಲಿ. ಯಂತ್ರ ಮಾಡುವ ಯಂತ್ರಗಳಿಗಾಗಿ ಶುರುವಾದ ಕಂಪನಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರಕ್ಕೂ ಇಳಿಯಿತು. ಮದುವೆಯಲ್ಲಿ ಅಳಿಯನಿಗೆ ಎಚ್.ಎಂ.ಟಿ. ಕೊಡದ ಮಾವನನ್ನು ನಮ್ಮ ಪೀಳಿಗೆಯವರು ಮಾವನೆಂದೇ ಲೆಕ್ಕಿಸುತ್ತಿರಲಿಲ್ಲ! ಆ 1961ರಲ್ಲೇ ರೆಡ್ಡಿಯವರು ಲಾಲ್‌ಬಹಾದುರ ಶಾಸ್ತ್ರಿಯವರ ನಂತರ ವಾಣಿಜ್ಯ ಮತ್ತು ಕೈಗಾರಿಕಾ ಮಂತ್ರಿಯಾದರು, 1963ರವರೆಗೆ ಇದ್ದರು. ಸದ್ದುಗದ್ದಲದ ಮನುಷ್ಯರಲ್ಲ. ಅದಕ್ಕೇ ಇರಬೇಕು, ಅವರನ್ನು ನಾವು ಮರೆತಿರುವುದು.

ಅವರ ಹಿಂದು ಮುಂದಿನ ಹೆಸರುಗಳು ದೊಡ್ಡವೇ. ಟಿ.ಟಿ. ಕೃಷ್ಣಮಾಚಾರಿ, ಮೊರಾರ್ಜಿ ದೇಸಾಯಿ, ಶಾಸ್ತ್ರಿ, ಮುಂದೆ ಫಕ್ರುದ್ದೀನ್ ಅಲಿ ಅಹ್ಮದ್, ಸಿ. ಸುಬ್ರಹ್ಮಣ್ಯಂ. ಇಬ್ಬರು ಪ್ರಧಾನಿಗಳಾದರು, ಒಬ್ಬರು ರಾಷ್ಟ್ರಪತಿ. 1956ರ ಏಪ್ರಿಲ್ 30ರ ನೀತಿ 17 ಕೈಗಾರಿಕೆಗಳನ್ನು ಸರಕಾರದ ಪಾಲಿಗೆ ಕಾದಿರಿಸಿತು. ಅರುವತ್ತರ ದಶಕ ಮುಗಿಯುವ ಹೊತ್ತಿಗೆ ಸರಕಾರ ನೇಮಿಸಿದ ಹಜಾರಿ, ದತ್ ಅವರ ವರದಿಗಳೇ ಒಂದು ಮಾತನ್ನು ಬಯಲಿಗಿಟ್ಟವು: ದೊಡ್ಡವರನ್ನು ಹದ್ದಿನಲ್ಲಿಡಲು ತಂದ ಲೈಸೆನ್ಸು ದೊಡ್ಡವರಿಗೇ ಹೆಚ್ಚು ಒದಗಿತ್ತು. ಮೊದಲೇ ಹತ್ತಾರು ಅರ್ಜಿ ಹಾಕಿ ಲೈಸೆನ್ಸು ಪಡೆದು, ಕಾರ್ಖಾನೆ ಕಟ್ಟದೆ ಇಟ್ಟುಕೊಂಡರೆ ಬೇರೆಯವರು ಬರುವಂತಿಲ್ಲವಲ್ಲ! ಇದಕ್ಕೆ ಮದ್ದೆಂದು ಬಂದದ್ದು ಏಕಸ್ವಾಮ್ಯ ನಿಯಂತ್ರಣದ 1969ರ ಎಂ.ಆರ್.ಟಿ.ಪಿ. ಕಾಯಿದೆ. ಅಂದರೆ ಇನ್ನೊಂದು ಅಪ್ಪಣೆ, ಇನ್ನೊಂದು ಕಡತ.

ಈಗ ನಮ್ಮ ಕರಾವಳಿಯ ಇಬ್ಬರ ಮಾತಿಗೆ ಬರೋಣ.

1974ರ ಅಕ್ಟೋಬರಿನಲ್ಲಿ ಕೈಗಾರಿಕೆ ಮತ್ತು ನಾಗರಿಕ ಸರಬರಾಜು ಮಂತ್ರಿಯಾದವರು ಟಿ.ಎ. ಪೈ, ತೋನ್ಸೆ ಅನಂತ ಪೈಯವರು. ಉಡುಪಿಯಲ್ಲಿ 1922ರಲ್ಲಿ ಹುಟ್ಟಿ, ಮನೆಮನೆಗೆ ಹೋಗಿ ಪಿಗ್ಮಿ ಠೇವಣಿ ಕೂಡಿಸಿ ಬೆಳೆದ ಸಿಂಡಿಕೇಟ್ ಬ್ಯಾಂಕಿನ ಚುಕ್ಕಾಣಿ ಹಿಡಿದಿದ್ದವರು. 1965ರಲ್ಲಿ ಆಹಾರ ನಿಗಮದ ಮೊದಲ ಅಧ್ಯಕ್ಷರು, ಬಳಿಕ ಜೀವವಿಮಾ ನಿಗಮದ ಅಧ್ಯಕ್ಷರು, 1972ರಲ್ಲಿ ರೈಲ್ವೆ ಮಂತ್ರಿ. ರಾಜಕೀಯದ ಮೆಟ್ಟಿಲು ಹತ್ತಿ ಬಂದವರಲ್ಲ, ಸಂಸ್ಥೆ ನಡೆಸಿ ಬಂದವರು. ಲೈಸೆನ್ಸಿನ ಬಿಗಿಯನ್ನು ಸ್ವಲ್ಪ ಸಡಿಲಿಸಬೇಕೆಂಬ ಒಲವು ಅವರ ಕಾಲದ ಇಲಾಖೆಯಲ್ಲಿ ಕಾಣುತ್ತದೆ. 1975ರಲ್ಲಿ 21 ಕೈಗಾರಿಕೆಗಳನ್ನು ಲೈಸೆನ್ಸಿನಿಂದ ಬಿಡಿಸಲಾಯಿತು.

ಆದರೆ ಇತಿಹಾಸದಲ್ಲಿ ಪೈಯವರ ಹೆಸರು ನಿಲ್ಲುವುದು ಇನ್ನೊಂದು ಪ್ರಕರಣದಿಂದ. ಪ್ರಧಾನಿಯವರ ಮಗ ಸಂಜಯ ಗಾಂಧಿಗೆ ವರ್ಷಕ್ಕೆ 50,000 ಸಣ್ಣ ಕಾರು ತಯಾರಿಸುವ ಸಮ್ಮತಿಪತ್ರ 1970ರಲ್ಲೇ ಸಿಕ್ಕಿತ್ತು. ಪೂರ್ತಿ ಸ್ವದೇಶೀ ಆಗಿರಬೇಕು, ಹೊರದೇಶದ ಯಂತ್ರ ತರಿಸಕೂಡದು ಎಂಬ ಷರತ್ತಿತ್ತು. ಷರತ್ತು ಮುರಿದಿದೆಯೇ ಎಂದು 1975ರ ಏಪ್ರಿಲ್ ಹೊತ್ತಿಗೆ ಸಂಸತ್ತಿನಲ್ಲಿ ಪ್ರಶ್ನೆ ಬಂತು. ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದವನು ಮಂತ್ರಿ. ಉತ್ತರಕ್ಕೆ ಮಾಹಿತಿ ಕೂಡಿಸಬೇಕಾದವರು ಅಧಿಕಾರಿಗಳು. ಅವರು ಆ ಕೆಲಸ ಮಾಡಿದರು, ಅಷ್ಟೆ. ಮಾಹಿತಿ ಕೇಳಿದ ನಾಲ್ವರು ಅಧಿಕಾರಿಗಳ ಮೇಲೆ ಸಿ.ಬಿ.ಐ. ಬಂತು. ಅವರಲ್ಲಿ ಪೈಯವರ ಇಲಾಖೆಯವರೂ ಇದ್ದರು. ಗಮನಿಸಬೇಕಾದ ಸಂಗತಿಯೆಂದರೆ ಆಗಿನ್ನೂ ತುರ್ತು ಪರಿಸ್ಥಿತಿ ಬಂದಿರಲಿಲ್ಲ. ಅದು ಘೋಷಣೆಯಾದದ್ದು ಜೂನ್ 25ರ ರಾತ್ರಿ.

1977ರಲ್ಲಿ ಶಾ ಆಯೋಗದ ಮುಂದೆ ಪೈಯವರು ಸಾಕ್ಷಿ ಹೇಳಿದರು. ಪ್ರಧಾನಿಯವರು ತಮ್ಮನ್ನು ಕರೆಸಿ ಕೋಪದಿಂದ ಮಾತಾಡಿದ್ದನ್ನೂ, ಅಧಿಕಾರಿಗಳ ಮೇಲೆ ತನಿಖೆಗೆ ಅವರೇ ಸೂಚಿಸಿದ್ದನ್ನೂ ಅಲ್ಲಿ ತಿಳಿಸಿದರು. ದೇಶದ ಯಾವ ಮೂಲೆಯ ಕಾರ್ಖಾನೆಗಾದರೂ ಹೂಂ ಅಥವಾ ಊಹೂಂ ಎನ್ನಬಲ್ಲ ಮಂತ್ರಿಗೆ ತನ್ನ ಕೈಕೆಳಗಿನವರ ಮನೆ ಬಾಗಿಲನ್ನು ಕಾಯಲಾಗಲಿಲ್ಲ. ಆಗಲೇ ರಾಜೀನಾಮೆ ಬಿಸುಟು ಬರಬೇಕಿತ್ತು ಎಂದು ಕೆಲವರೆನ್ನುತ್ತಾರೆ. ನನಗೂ ಹಾಗೆ ಅನ್ನಿಸುವುದುಂಟು. ಆದರೆ ತಮಗೇ ಗೌರವ ತರದ ಸತ್ಯವನ್ನು ಆಯೋಗದ ಮುಂದೆ ಬಾಯಿಬಿಟ್ಟು ಹೇಳುವುದೂ ಸುಲಭವಲ್ಲ. ನೆನಪಿಲ್ಲ ಎಂದು ಜಾರಿಕೊಳ್ಳುವ ದಾರಿ ಯಾವಾಗಲೂ ತೆರೆದೇ ಇರುತ್ತದೆ.

ಪೈಯವರು ಉದ್ಯೋಗ ಭವನದಲ್ಲಿದ್ದ ಆ ದಿನಗಳಲ್ಲಿ, ಉಡುಪಿಯಿಂದ ಸುಮಾರು 60 ಕಿಲೋಮೀಟರ್ ದೂರದ ಮಂಗಳೂರಿನ ಮತ್ತೊಬ್ಬರು ಪೊಲೀಸರ ಕಣ್ಣು ತಪ್ಪಿಸಿ ವೇಷ ಮರೆಸಿಕೊಂಡು ತಿರುಗುತ್ತಿದ್ದರು. ಜಾರ್ಜ್ ಫರ್ನಾಂಡಿಸರನ್ನು ಮುಂಬಯಿಯ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಇಲ್ಲಿಗೆ ಬಂದಾಗ ಚೌಪಾಟಿಯ ಮರಳಿನ ಮೇಲೆ ಮಲಗಿದವರು, ಟ್ಯಾಕ್ಸಿ ಚಾಲಕರ ಸಂಘ ಕಟ್ಟಿದವರು, 1967ರಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದವರು, 1974ರ ರೈಲ್ವೆ ಮುಷ್ಕರದ ನಾಯಕರು. ಅವರ ಸುಳಿವಿಗಾಗಿ ತಮ್ಮ ಲಾರೆನ್ಸರನ್ನು 1976ರ ಮೇ 1ರಂದು ಬೆಂಗಳೂರಿನಲ್ಲಿ ಹಿಡಿದು ಪೊಲೀಸರು ಹಿಂಸಿಸಿದರು. ಜೂನ್ 10ರಂದು ಜಾರ್ಜ್ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ಬರೋಡಾ ಡೈನಮೈಟ್ ಮೊಕದ್ದಮೆಯ ಆರೋಪಿಯಾಗಿ ಜೈಲಿನಲ್ಲಿದ್ದುಕೊಂಡೇ 1977ರಲ್ಲಿ ಬಿಹಾರದ ಮುಜಫ್ಫರಪುರದಿಂದ ಗೆದ್ದರು.

ಜನತಾ ಸರಕಾರದಲ್ಲಿ ಮೊದಲು ಅಂಚೆ-ತಂತಿ ಖಾತೆ. ಕೈಗಾರಿಕೆ ಬ್ರಿಜ್‌ಲಾಲ್ ವರ್ಮರದು. ಜುಲೈನಲ್ಲಿ ಅದು ಜಾರ್ಜರಿಗೆ ಬಂತು. ಪೈಯವರೋ ಉಡುಪಿಯಿಂದ ಗೆದ್ದು ಎದುರು ಪಕ್ಷದ ಬೆಂಚಿನಲ್ಲಿದ್ದರು. ಒಂದೇ ಜಿಲ್ಲೆಯ ಇಬ್ಬರು, ಒಂದೇ ಕುರ್ಚಿ: ಒಬ್ಬರು ಬ್ಯಾಂಕಿನಿಂದ ಬಂದವರು, ಇನ್ನೊಬ್ಬರು ಜೈಲಿನಿಂದ.

ಜಾರ್ಜರೆಂದರೆ ಜನಕ್ಕೆ ನೆನಪಾಗುವುದು ಕೋಕಾ-ಕೋಲಾ ಮತ್ತು ಐ.ಬಿ.ಎಂ. ಹೊರಹೋದದ್ದು. ಅದು ಅವರೊಬ್ಬರ ಹಠವೆಂದು ಬರೆಯುವವರು ಒಂದನ್ನು ಮರೆಯುತ್ತಾರೆ. ವಿದೇಶೀ ಕಂಪನಿಗಳು ತಮ್ಮ ಪಾಲನ್ನು ಸಾಮಾನ್ಯವಾಗಿ ಶೇಕಡಾ 40ಕ್ಕೆ ಇಳಿಸಬೇಕೆಂದ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆ 1973ರದು, ಇಂದಿರಾ ಸರಕಾರದ್ದು. ಜಾರ್ಜ್ ಅದನ್ನು ಕಾಗದದಿಂದ ನೆಲಕ್ಕಿಳಿಸಿದರು. ಪಾನೀಯದ ಗುಟ್ಟನ್ನು ಬಿಟ್ಟುಕೊಡಲೊಪ್ಪದೆ ಮೊದಲನೆಯದು 1977ರಲ್ಲೂ ಎರಡನೆಯದು 1978ರಲ್ಲೂ ಗಂಟುಮೂಟೆ ಕಟ್ಟಿದವು. ಕೋಲಾದ ಬದಲಿಗೆ ಸರಕಾರದ ಕಂಪನಿ '77' ಎಂಬ ಪಾನೀಯ ತಂದಿತು. ಅದನ್ನು ಕುಡಿದವರಲ್ಲಿ ನಾನೂ ಒಬ್ಬ; ರುಚಿಯ ಮಾತು ಬೇಡ.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು 1977ರ ಡಿಸೆಂಬರ್ 23ರ ನೀತಿ. ಸಣ್ಣ ಕೈಗಾರಿಕೆಗಳಲ್ಲಿ ಆಗಬಲ್ಲದ್ದು ಅಲ್ಲೇ ಆಗಬೇಕೆಂದು, ಅವುಗಳಿಗೆ ಕಾದಿರಿಸಿದ ವಸ್ತುಗಳ ಪಟ್ಟಿಯನ್ನು 180ರಿಂದ 500ಕ್ಕೂ ಮೇಲಕ್ಕೆ ಏರಿಸಲಾಯಿತು. ಅರ್ಜಿದಾರ ರಾಜಧಾನಿಗೆ ಅಲೆಯದೆ ತನ್ನ ಜಿಲ್ಲೆಯಲ್ಲೇ ಎಲ್ಲ ಕಾಗದ ಪಡೆಯಲೆಂದು ಜಿಲ್ಲಾ ಕೈಗಾರಿಕಾ ಕೇಂದ್ರಗಳು 1978ರಿಂದ ಬಂದವು. ನನ್ನ ಸೋದರಮಾವ ಆ ಸುದ್ದಿ ಓದಿದ ದಿನ ಎಲ್ಲರಿಗೂ ಚಹಾ ಕೊಡಿಸಿದರು. ಕೋಟಾದ ಅರ್ಜಿ ಮಾತ್ರ ಮುಂಚಿನ ಹಾಗೆಯೇ ನಡೆಯಿತು. ಇನ್ನೊಂದು ಸಂಗತಿ: ಪಟ್ಟಿ ಸಣ್ಣವರನ್ನು ಕಾಯಿತು, ದಿಟ, ಆದರೆ ಸಣ್ಣವನು ಬೆಳೆದರೆ ಪಟ್ಟಿಯಿಂದ ಹೊರಗೆ ಬೀಳುತ್ತಿದ್ದ. ಹಾಗಾಗಿ ಮಾವ ನಾಲ್ಕು ಲೇತನ್ನು ಎಂಟು ಮಾಡುವ ಬದಲು ಮಗನ ಹೆಸರಿನಲ್ಲಿ ಇನ್ನೊಂದು ನಾಲ್ಕರ ಶೆಡ್ಡು ತೆರೆದರು. ಜಾಣತನವೆಂದು ಆಗ ಎಲ್ಲರೂ ಹೊಗಳಿದೆವು.

1979ರ ಜುಲೈನಲ್ಲಿ ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ ಸರಕಾರವನ್ನು ಸಮರ್ಥಿಸಿ ಅಬ್ಬರದ ಭಾಷಣ ಮಾಡಿದ ಜಾರ್ಜ್ ಕೆಲವೇ ದಿನಗಳಲ್ಲಿ ಅದೇ ಸರಕಾರ ಬಿಟ್ಟು ಬಂದರು. ಅವರನ್ನು ಮೆಚ್ಚಿದವರಿಗೂ ಅದು ಇಂದಿಗೂ ಅರಗದ ತುತ್ತು. ಪೈಯವರು 1981ರಲ್ಲಿ ತೀರಿಕೊಂಡರು. ಜಾರ್ಜ್ ಮುಂದೆ ರೈಲ್ವೆ, ರಕ್ಷಣಾ ಖಾತೆಗಳನ್ನು ಕಂಡು 2019ರ ಜನವರಿಯಲ್ಲಿ ಹೋದರು.

ಲೈಸೆನ್ಸಿನ ಕೋಟೆ ಉರುಳಿದ್ದು 1991ರ ಜುಲೈ 24ರಂದು. ಕೈಗಾರಿಕಾ ಖಾತೆಯನ್ನು ಪ್ರಧಾನಿ ನರಸಿಂಹರಾಯರೇ ಇಟ್ಟುಕೊಂಡಿದ್ದರು. ಹೊಸ ನೀತಿಯನ್ನು ರಾಜ್ಯಮಂತ್ರಿ ಪಿ.ಜೆ. ಕುರಿಯನ್ ಸದನದ ಮುಂದಿಟ್ಟರು. ಅದೇ ದಿನ ಮನಮೋಹನ ಸಿಂಗರ ಬಜೆಟ್ಟು. ಎಲ್ಲರ ಕಣ್ಣೂ ಬಜೆಟ್ಟಿನ ಮೇಲೆ. 18 ಕೈಗಾರಿಕೆಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸು ಬೇಡವೆಂದಾಯಿತು. ಸರಕಾರಕ್ಕೆ ಕಾದಿರಿಸಿದ 17 ಎಂಟಕ್ಕಿಳಿಯಿತು. ಕಾಯಿದೆಯನ್ನು ರದ್ದು ಮಾಡಲಿಲ್ಲ, ಅದರ ಹಲ್ಲು ಕಿತ್ತರು. ಸಣ್ಣವರ ಪಟ್ಟಿ ಕರಗುತ್ತ ಬಂದು, ಕೊನೆಯ 20 ವಸ್ತುಗಳು 2015ರಲ್ಲಿ ಹೊರಬಿದ್ದವು. ಮಂತ್ರಿಯ ಖಾತೆಯೂ ಒಡೆಯಿತು. ವಾಣಿಜ್ಯ-ಕೈಗಾರಿಕೆ ಒಂದು, ಬೃಹತ್ ಕೈಗಾರಿಕೆ ಇನ್ನೊಂದು. ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು.

2024ರ ಜೂನಿನಲ್ಲಿ ಬೃಹತ್ ಕೈಗಾರಿಕೆ ಮತ್ತು ಉಕ್ಕಿನ ಖಾತೆಯನ್ನು ಎಚ್.ಡಿ. ಕುಮಾರಸ್ವಾಮಿ ವಹಿಸಿಕೊಂಡಾಗ, ಎಚ್.ಎಂ.ಟಿ.ಯಲ್ಲಿ ಉಳಿದದ್ದು ಮತ್ತೆ ಒಬ್ಬ ಕನ್ನಡಿಗ ಮಂತ್ರಿಯ ಕೈಕೆಳಗೆ ಬಂತು. ಸುದ್ದಿ ಓದಿ ಕುರ್ಲಾಕ್ಕೆ ಫೋನು ಮಾಡಿದೆ. ಮಾವ ಈಗಿಲ್ಲ. ಎರಡು ಶೆಡ್ಡುಗಳ ನಡುವಿನ ಗೋಡೆಯನ್ನು ಮಗ 1990ರ ದಶಕದಲ್ಲೇ ಒಡೆಸಿ ಒಂದು ಮಾಡಿದ್ದಾನೆ. ಮಾವನ ಎಚ್.ಎಂ.ಟಿ. ಗಡಿಯಾರ ಅವನ ಮೇಜಿನ ಖಾನೆಯಲ್ಲಿದೆ. ಕೀಲಿ ಕೊಟ್ಟರೆ ಓಡುತ್ತದಂತೆ.